ಉತ್ತರ ಕೇಳಿದ ಕಾಗದಗಳು



ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಎಂದೊಡನೆ ನಿಮ್ಮ ಕಣ್ಣೆದುರಿಗೆ ಬರುವ ಚಿತ್ರಗಳು ಯಾವುವು? ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆಯುತ್ತಿರುವ ಜನ, ಬಂದೂಕು ಹಿಡಿದ ರೈತರು, ಕುದುರೆಯೇರಿದ ಜಾರ್ಜ್ ವಾಷಿಂಗ್ಟನ್, 1776ರ ಜುಲೈ 4ರ ಘೋಷಣೆ. ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೂ ಇಂಥ ದೃಶ್ಯಗಳೇ ಇಷ್ಟ. ಚಿತ್ರೀಕರಿಸುವುದು ಸುಲಭ, ನೋಡುವವರ ಮನಸ್ಸಿನಲ್ಲೂ ನಿಲ್ಲುತ್ತವೆ. ಆದರೆ ಈ ಸಂಗ್ರಾಮದ ಬಹು ಮುಖ್ಯವಾದ ಕೆಲಸ ಕ್ಯಾಮೆರಾಕ್ಕೆ ಸಿಗುವಂಥದ್ದಲ್ಲ. ಒಂದು ಮೇಜು, ಮೇಣದ ಬತ್ತಿ, ಗರಿಯ ಲೇಖನಿ, ಕಾಗದ, ಇವುಗಳಿಂದ ಅದು ನಡೆಯಿತು. ಒಂದು ಊರಿನವರು ಕುಳಿತು ಬೇರೆ ಊರುಗಳಿಗೆ ಕಾಗದ ಬರೆದರು. ಆ ಊರುಗಳವರು ಸಭೆ ಸೇರಿ ಓದಿ, ಚರ್ಚಿಸಿ, ಉತ್ತರ ಬರೆದರು. ಮೊದಲ ಗುಂಡು ಹಾರುವುದಕ್ಕೆ ಸುಮಾರು ಎರಡೂವರೆ ವರ್ಷ ಮೊದಲೇ ಆರಂಭವಾದ ಈ ಪತ್ರ ವ್ಯವಹಾರವೇ ಬ್ರಿಟಿಷ್ ಸಾಮ್ರಾಜ್ಯಕ್ಕೆ ಎದುರು ನಿಲ್ಲಬಲ್ಲ ಒಂದು ಸಂಘಟನೆಯನ್ನು ಕಟ್ಟಿತು.

ಹೀಗೆ ಕಟ್ಟಿದ ಸಂಸ್ಥೆಗಳಿಗೆ ಚರಿತ್ರೆಯಲ್ಲಿ ‘ಪತ್ರ ವ್ಯವಹಾರ ಸಮಿತಿ’ಗಳೆಂದು ಹೆಸರು. ಇವು ಹೇಗೆ ಹುಟ್ಟಿದವು, ಹೇಗೆ ಕೆಲಸ ಮಾಡಿದವು, ಬರಿಯ ಕಾಗದಕ್ಕೆ ಅಷ್ಟು ಬಲ ಎಲ್ಲಿಂದ ಬಂತು ಎಂಬುದನ್ನು ನೋಡೋಣ.

ಹದಿಮೂರು ವಸಾಹತು, ಹದಿಮೂರು ದಾರಿ

ಆಗ ಉತ್ತರ ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಬ್ರಿಟನ್ನಿನ 13 ವಸಾಹತುಗಳಿದ್ದವು. ಉತ್ತರದ ನ್ಯೂ ಹ್ಯಾಂಪ್‌ಷೈರಿನಿಂದ ದಕ್ಷಿಣದ ಜಾರ್ಜಿಯದವರೆಗೆ ಸಾವಿರ ಮೈಲಿಗೂ ಹೆಚ್ಚು ದೂರ. ಜನಸಂಖ್ಯೆ ಸುಮಾರು 25 ಲಕ್ಷ. ಅವರಲ್ಲಿ ಐದರಲ್ಲೊಂದು ಪಾಲು ಆಫ್ರಿಕ ಮೂಲದ ಗುಲಾಮರು. ಒಂದೊಂದು ವಸಾಹತಿಗೂ ಅದರದೇ ಶಾಸನ ಸಭೆ, ಅದರದೇ ಗವರ್ನರ್, ಅದರದೇ ವ್ಯಾಪಾರ. ಲಂಡನ್ನಿನೊಂದಿಗೆ ಇದ್ದಷ್ಟು ಸಂಪರ್ಕ ಅಕ್ಕಪಕ್ಕದ ವಸಾಹತುಗಳ ನಡುವೆ ಎಷ್ಟೋ ಬಾರಿ ಇರುತ್ತಿರಲಿಲ್ಲ. 1754ರಲ್ಲಿ ಆಲ್ಬನಿಯಲ್ಲಿ ಸೇರಿದ ಪ್ರತಿನಿಧಿಗಳು ಎಲ್ಲವನ್ನೂ ಕೂಡಿಸುವ ಒಂದು ಒಕ್ಕೂಟದ ಯೋಜನೆಯನ್ನು ಮುಂದಿಟ್ಟರು. ಅದರ ಹಿಂದೆ ಬೆಂಜಮಿನ್ ಫ್ರಾಂಕ್ಲಿನ್ ಅವರಂಥ ಮೇಧಾವಿ ಇದ್ದರೂ ಒಂದು ಶಾಸನ ಸಭೆಯೂ ಅದನ್ನು ಒಪ್ಪಲಿಲ್ಲ.

ಫ್ರಾನ್ಸಿನೊಡನೆ ನಡೆದ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ತಲೆಯ ಮೇಲೆ ಸಾಲದ ಹೊರೆ ಕೂತಿತ್ತು. ವಸಾಹತುಗಳೂ ಹೊರೆಯಲ್ಲಿ ಪಾಲು ಹೊರಲಿ ಎಂದು ಪಾರ್ಲಿಮೆಂಟು 1765ರಲ್ಲಿ ಸ್ಟಾಂಪ್ ಕಾಯಿದೆ ತಂದಿತು. ಪತ್ರಿಕೆ, ಕರಪತ್ರ, ಕರಾರು ಪತ್ರ, ಕೊನೆಗೆ ಇಸ್ಪೀಟಿನ ಎಲೆಗಳಿಗೂ ತೆರಿಗೆ. ‘ನಮ್ಮ ಪ್ರತಿನಿಧಿಗಳಿಲ್ಲದ ಪಾರ್ಲಿಮೆಂಟು ನಮ್ಮ ಮೇಲೆ ತೆರಿಗೆ ಹಾಕುವುದು ಹೇಗೆ?’ ಎಂಬ ಪ್ರಶ್ನೆ ಎದ್ದಿತು. ಪ್ರತಿಭಟನೆಗೆ ಮಣಿದು 1766ರಲ್ಲಿ ಆ ಕಾಯಿದೆ ರದ್ದಾಯಿತು. ಮರುವರ್ಷವೇ ಗಾಜು, ಬಣ್ಣ, ಸೀಸ, ಕಾಗದ, ಚಹಾಗಳ ಮೇಲೆ ಸುಂಕ ಬಂತು.

1768ರ ಫೆಬ್ರವರಿಯಲ್ಲಿ ಮ್ಯಾಸಚೂಸೆಟ್ಸ್ ಶಾಸನ ಸಭೆ ಉಳಿದ ವಸಾಹತುಗಳ ಸಭೆಗಳಿಗೆ ಒಂದು ಸುತ್ತೋಲೆ ಕಳುಹಿಸಿತು. ಎಲ್ಲರೂ ಒಂದೇ ಧ್ವನಿಯಲ್ಲಿ ಮಾತಾಡೋಣ ಎಂಬುದು ಅದರ ಸಾರ. ಲಂಡನ್ನಿನ ಮಂತ್ರಿ ಲಾರ್ಡ್ ಹಿಲ್ಸ್‌ಬರೋ ಅದನ್ನು ಹಿಂತೆಗೆದುಕೊಳ್ಳಿ ಎಂದು ಆಜ್ಞೆ ಮಾಡಿದ. ಸಭೆ 17ಕ್ಕೆ ಎದುರಾಗಿ 92 ಮತಗಳಿಂದ ‘ಆಗದು’ ಎಂದಿತು. ಗವರ್ನರ್ ಸಭೆಯನ್ನೇ ವಿಸರ್ಜಿಸಿದ. ವಸಾಹತುಗಾರರು ಪರಸ್ಪರ ಕಾಗದ ಬರೆದುಕೊಳ್ಳುವುದೇ ಸರಕಾರಕ್ಕೆ ಅಪಾಯವಾಗಿ ಕಂಡದ್ದನ್ನು ಇಲ್ಲಿ ಗಮನಿಸಿ. ಈ ಸುತ್ತೋಲೆಯ ಕರಡು ಸಿದ್ಧಪಡಿಸಿದವರಲ್ಲಿ ಮುಖ್ಯರಾದವರು ಸ್ಯಾಮ್ಯುಯೆಲ್ ಆಡಮ್ಸ್. ಮುಂದಿನ ಕಥೆಯಲ್ಲಿಯೂ ಅವರದೇ ದೊಡ್ಡ ಪಾತ್ರ.

ಸಂಬಳ ಕೊಡುವವರು ಯಾರು?

1770ರ ಮಾರ್ಚ್ 5ರಂದು ಬಾಸ್ಟನ್ನಿನ ಬೀದಿಯಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಐವರು ಬಲಿಯಾದರು. ಆದರೆ ಅದೇ ವರ್ಷ ಚಹಾ ಒಂದನ್ನು ಬಿಟ್ಟು ಉಳಿದ ಸುಂಕಗಳು ರದ್ದಾದವು. ವ್ಯಾಪಾರ ಚಿಗುರಿತು, ಕಾವು ಆರಿತು. ಮುಂದಿನ ಎರಡು ವರ್ಷ ಚಳವಳಿ ನಿದ್ದೆ ಹೋದಂತಿತ್ತು.

ನಿದ್ದೆ ಕೆಡಿಸಿದ್ದು ಮೇಲುನೋಟಕ್ಕೆ ಸಣ್ಣದೆನಿಸುವ ಒಂದು ಸುದ್ದಿ. ಮ್ಯಾಸಚೂಸೆಟ್ಸಿನ ಗವರ್ನರಿಗೂ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಿಗೂ ಇನ್ನು ಮೇಲೆ ದೊರೆಯೇ ಸುಂಕದ ಹಣದಿಂದ ಸಂಬಳ ಕೊಡುವನಂತೆ ಎಂಬ ಸುದ್ದಿ 1772ರಲ್ಲಿ ಬಂತು. ಅಲ್ಲಿಯವರೆಗೆ ಸಂಬಳ ಕೊಡುತ್ತಿದ್ದದ್ದು ಜನರಿಂದ ಆಯ್ಕೆಯಾದ ಶಾಸನ ಸಭೆ. ಇದರಲ್ಲಿ ಕೋಪ ಬರುವಂಥದ್ದೇನಿದೆ, ಜನರ ದುಡ್ಡೇ ಉಳಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಅನ್ನ ಹಾಕುವವರ ಋಣ ಯಾರನ್ನೂ ಬಿಡುವುದಿಲ್ಲ. ದೊರೆಯ ಸಂಬಳ ಉಣ್ಣುವ ನ್ಯಾಯಾಧೀಶ, ದೊರೆಗೂ ಪ್ರಜೆಗೂ ವ್ಯಾಜ್ಯ ಬಂದಾಗ ಯಾವ ಕಡೆಗೆ ವಾಲುತ್ತಾನೆ? ಆಡಮ್ಸ್ ಮತ್ತು ಅವರ ಗೆಳೆಯರು ಎತ್ತಿದ ಪ್ರಶ್ನೆ ಇದು.

ಬಾಸ್ಟನ್ನಿನ ಊರ ಸಭೆ ಈ ವಿಷಯ ಚರ್ಚಿಸಲು ಶಾಸನ ಸಭೆಯನ್ನು ಸೇರಿಸಬೇಕೆಂದು ಗವರ್ನರ್ ಥಾಮಸ್ ಹಚಿನ್ಸನ್‌ನನ್ನು ಕೇಳಿತು. ಅವನು ನಿರಾಕರಿಸಿದ. ಆಗ 1772ರ ನವೆಂಬರ್ 2ರಂದು ಆಡಮ್ಸ್ ಊರ ಸಭೆಯಲ್ಲಿ ಒಂದು ನಿರ್ಣಯ ಮಂಡಿಸಿದರು. 21 ಜನರ ಒಂದು ಪತ್ರ ವ್ಯವಹಾರ ಸಮಿತಿ ಆಗಬೇಕು. ಅದು ವಸಾಹತುಗಾರರ ಹಕ್ಕುಗಳನ್ನೂ ಅವುಗಳಿಗೆ ಆಗಿರುವ ಧಕ್ಕೆಯನ್ನೂ ಬರೆದು, ಮ್ಯಾಸಚೂಸೆಟ್ಸಿನ ಎಲ್ಲ ಊರುಗಳಿಗೆ ಕಳುಹಿಸಿ, ಅವರ ಅಭಿಪ್ರಾಯವನ್ನು ಕೇಳಬೇಕು. ನಿರ್ಣಯವೇನೋ ಅಂಗೀಕಾರವಾಯಿತು. ಆದರೆ ಜಾನ್ ಹ್ಯಾಂಕಾಕ್‌ರಂಥ ದೊಡ್ಡ ಹೆಸರಿನವರೇ ಸಮಿತಿಗೆ ಸೇರಲು ಒಪ್ಪಲಿಲ್ಲ. ಇದು ನಡೆಯುವ ಮಾತೆಂಬ ನಂಬಿಕೆ ಬಹಳ ಜನಕ್ಕೆ ಇರಲಿಲ್ಲ.

ಆಡಮ್ಸ್‌ಗೆ ಆಗ 50 ವರ್ಷ. ತಂದೆಯಿಂದ ಬಂದ ಮಾಲ್ಟ್ ತಯಾರಿಕೆಯ ವ್ಯವಹಾರವನ್ನು ಉಳಿಸಿಕೊಳ್ಳಲಾಗಲಿಲ್ಲ. ತೆರಿಗೆ ವಸೂಲಿಗಾರನ ಕೆಲಸದಲ್ಲಿ ಸರಿಯಾಗಿ ವಸೂಲಿ ಮಾಡಲಾಗಲಿಲ್ಲ. ಕೈಹಿಡಿದ ವಿದ್ಯೆಯೆಂದರೆ ಬರವಣಿಗೆ, ಮತ್ತು ಊರಿನ ಎಲ್ಲ ಬಗೆಯ ಜನರ ಒಡನಾಟ.

ಆರುನೂರು ಪ್ರತಿಗಳು

ಸಮಿತಿ ಸಿದ್ಧಪಡಿಸಿದ ಬರಹದಲ್ಲಿ ಮೂರು ಭಾಗಗಳಿದ್ದವು. ಮನುಷ್ಯರಾಗಿ, ಪ್ರಜೆಗಳಾಗಿ ವಸಾಹತುಗಾರರಿಗಿರುವ ಹಕ್ಕುಗಳು ಮೊದಲ ಭಾಗ. ಆ ಹಕ್ಕುಗಳ ಮೇಲಾದ ಅತಿಕ್ರಮಣಗಳ ಪಟ್ಟಿ ಎರಡನೆಯದು. ಇದನ್ನು ಬರೆದವರು ಡಾಕ್ಟರ್ ಜೋಸೆಫ್ ವಾರೆನ್. ಮೂರನೆಯದು ಊರುಗಳಿಗೆ ಬರೆದ ಕಾಗದ. ಅದರ ಹೊಣೆ ಇನ್ನೊಬ್ಬ ವೈದ್ಯ ಬೆಂಜಮಿನ್ ಚರ್ಚ್‌ನದು. ನವೆಂಬರ್ 20ರಂದು ಊರ ಸಭೆ ಇದನ್ನು ಒಪ್ಪಿತು. 600 ಪ್ರತಿಗಳು ಅಚ್ಚಾದವು. ಸುಮಾರು 260 ಊರುಗಳಿಗೆ ಅವು ಹೊರಟವು.

ಇಲ್ಲಿ ನಿಲ್ಲಿ. ಕರಪತ್ರ ಹಂಚುವುದು ಹೊಸ ವಿಚಾರವೇನಲ್ಲ. ಆ ಕಾಲದಲ್ಲಿ ಕರಪತ್ರಗಳಿಗೂ ಪತ್ರಿಕೆಗಳಿಗೂ ಕೊರತೆಯಿರಲಿಲ್ಲ. ಬಾಸ್ಟನ್ ಸಮಿತಿಯ ಹೊಸತನ ಇದ್ದದ್ದು ಬರಹದ ಕೊನೆಯ ಭಾಗದಲ್ಲಿ. ನಮ್ಮ ಮಾತನ್ನು ಕೇಳಿ ಎಂಬಲ್ಲಿಗೆ ಅದು ನಿಲ್ಲಲಿಲ್ಲ. ನೀವು ಏನು ಹೇಳುತ್ತೀರಿ, ಸಭೆ ಸೇರಿ ಯೋಚಿಸಿ ನಮಗೆ ತಿಳಿಸಿ ಎಂದು ಕೇಳಿತು.

ಉತ್ತರ ಕೇಳಿದ ಮೇಲೆ ಊರಿನಲ್ಲಿ ಏನಾಗಬೇಕು ಎಂದು ಊಹಿಸಿ ನೋಡಿ. ಮೊದಲು ಊರ ಹಿರಿಯರು ಸಭೆ ಕರೆಯಬೇಕು. ರೈತ, ಕಮ್ಮಾರ, ಮೋಚಿ, ಪಾದ್ರಿ, ಅಂಗಡಿಯವನು ಪ್ರಾರ್ಥನಾ ಮಂದಿರದಲ್ಲಿ ಸೇರಬೇಕು. ಕಾಗದವನ್ನು ಗಟ್ಟಿಯಾಗಿ ಓದಬೇಕು. ಓದು ಬಾರದವನಿಗೂ ವಿಷಯ ತಿಳಿಯುತ್ತದೆ. ಉತ್ತರ ಬರೆಯಲು ಐದಾರು ಜನರನ್ನು ಆರಿಸಬೇಕು. ಅವರು ತಂದ ಕರಡಿನ ಮೇಲೆ ವಾದ ನಡೆಯಬೇಕು, ಮತ ಹಾಕಬೇಕು. ನಮ್ಮ ಶಾನುಭೋಗರ ಹಾಗೆ ಊರಿನ ದಫ್ತರ ಇಡುವ ಗುಮಾಸ್ತ ಅದನ್ನು ದಾಖಲೆಗೆ ಬರೆದು ರುಜು ಹಾಕಬೇಕು. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಬಾಸ್ಟನ್ನಿನ ಪ್ರಶ್ನೆ ಆ ಊರಿನದೇ ಪ್ರಶ್ನೆಯಾಗಿರುತ್ತದೆ. ಎಷ್ಟೋ ಊರುಗಳು ಇದೇ ಸಭೆಯಲ್ಲಿ ತಮ್ಮದೂ ಒಂದು ಪತ್ರ ವ್ಯವಹಾರ ಸಮಿತಿ ಇರಲಿ ಎಂದು ತೀರ್ಮಾನಿಸಿದವು.

ಆರಂಭದಲ್ಲಿ ಎಲ್ಲರಿಗೂ ಭರವಸೆಯಿರಲಿಲ್ಲ. ಊರುಗಳು ಸತ್ತಂತೆ ಬಿದ್ದಿವೆ, ಪವಾಡವಾಗದೆ ಏಳುವುದಿಲ್ಲ ಎಂಬ ಅರ್ಥದಲ್ಲಿ ಪ್ಲಿಮತ್ ಊರಿನ ಜೇಮ್ಸ್ ವಾರೆನ್ ಆಡಮ್ಸ್‌ಗೆ ಬರೆದರು. ನಿರಾಶೆ ಬೇಡ ಎಂಬುದು ಆಡಮ್ಸ್‌ರ ಉತ್ತರ. ಗವರ್ನರ್ ಹಚಿನ್ಸನ್‌ಗಂತೂ ಇದು ನಗೆಪಾಟಲಿನ ಯೋಜನೆಯಾಗಿ ಕಂಡಿತು. ಆದರೆ ಉತ್ತರಗಳು ಬರತೊಡಗಿದವು. ಕೇಂಬ್ರಿಜ್, ರಾಕ್ಸ್‌ಬರಿ, ಪ್ಲಿಮತ್‌ಗಳಿಂದ ಬಂದವು. ಹೆಸರೇ ಕೇಳಿರದ ಒಳನಾಡಿನ ಹಳ್ಳಿಗಳಿಂದಲೂ ಬಂದವು. 1773ರ ಬೇಸಗೆಯ ಹೊತ್ತಿಗೆ ನೂರಕ್ಕೂ ಹೆಚ್ಚು ಊರುಗಳು ಉತ್ತರಿಸಿದ್ದವು. ಬಾಸ್ಟನ್ ಊರಿನ ಗುಮಾಸ್ತ ವಿಲಿಯಂ ಕೂಪರ್ ಆ ಉತ್ತರಗಳಿಗೆ ಮರು ಉತ್ತರ ಬರೆದರು. ಕೆಲವು ಪತ್ರಿಕೆಗಳಲ್ಲಿ ಅಚ್ಚಾದವು. ಒಂದು ಹಳ್ಳಿಯವರು ಬರೆದದ್ದನ್ನು ನೂರು ಮೈಲಿ ಆಚೆಯ ಹಳ್ಳಿಯವರು ಓದಿ, ನಾವೊಬ್ಬರೇ ಅಲ್ಲ ಎಂದು ತಿಳಿದರು. ಹಚಿನ್ಸನ್‌ನ ನಗೆ ನಿಂತಿತು. 1773ರ ಜನವರಿಯಲ್ಲಿ ಶಾಸನ ಸಭೆ ಸೇರಿದಾಗ ಪಾರ್ಲಿಮೆಂಟಿನ ಪರಮಾಧಿಕಾರದ ಬಗ್ಗೆ ಅವನೇ ದೀರ್ಘ ಭಾಷಣ ಮಾಡಬೇಕಾಯಿತು.

ನಮ್ಮ ದೂರದರ್ಶನದ ಪರಿಭಾಷೆಯಲ್ಲಿ ಹೇಳುತ್ತೇನೆ. ಪ್ರಸಾರ ಕೇಂದ್ರದಿಂದ ದೂರ ಹೋದಂತೆ ಸಂಕೇತ ಕ್ಷೀಣಿಸುತ್ತದೆ. ಅದಕ್ಕೇ ನಡುನಡುವೆ ಮರುಪ್ರಸಾರ ಕೇಂದ್ರಗಳು ಬೇಕು. ಅವು ಸಂಕೇತವನ್ನು ಹಿಡಿದು, ಬಲಪಡಿಸಿ, ಮುಂದಕ್ಕೆ ಕಳುಹಿಸುತ್ತವೆ. ಈ ಸಮಿತಿಗಳು ಅಂಥ ಕೇಂದ್ರಗಳೇ. ಆದರೆ ಒಂದು ವ್ಯತ್ಯಾಸವಿದೆ. ಮರುಪ್ರಸಾರ ಕೇಂದ್ರ ತನ್ನ ಮಾತನ್ನು ಸೇರಿಸುವುದಿಲ್ಲ, ತಿರುಗಿ ಮಾತಾಡುವುದೂ ಇಲ್ಲ. ಈ ಊರುಗಳು ಎರಡನ್ನೂ ಮಾಡಿದವು.

ವರ್ಜೀನಿಯದ ಹೆಜ್ಜೆ

ಇದುವರೆಗಿನದು ಒಂದೇ ವಸಾಹತಿನ ಒಳಗಿನ ಜಾಲ. ಅದನ್ನು ವಸಾಹತುಗಳ ನಡುವಿನ ಜಾಲವಾಗಿ ಬೆಳೆಸಿದ್ದು ದಕ್ಷಿಣದ ವರ್ಜೀನಿಯ.

1772ರ ಜೂನ್‌ನಲ್ಲಿ ರೋಡ್ ಐಲೆಂಡಿನ ಜನ, ಕಳ್ಳಸಾಗಣೆ ತಡೆಯಲು ಬಂದಿದ್ದ ‘ಗ್ಯಾಸ್ಪಿ’ ಎಂಬ ಬ್ರಿಟಿಷ್ ಹಡಗನ್ನು ಸುಟ್ಟಿದ್ದರು. ಆರೋಪಿಗಳನ್ನು ವಿಚಾರಣೆಗೆ ಇಂಗ್ಲೆಂಡಿಗೆ ಸಾಗಿಸಲಾಗುತ್ತದೆ ಎಂಬ ಸುದ್ದಿ ಹಬ್ಬಿತು. ತನ್ನ ನೆರೆಹೊರೆಯವರ ಮುಂದೆ ವಿಚಾರಣೆಗೊಳಗಾಗುವ ಹಕ್ಕು ಹೋದರೆ ಉಳಿಯುವುದೇನು? 1773ರ ಮಾರ್ಚ್ 12ರಂದು ವರ್ಜೀನಿಯದ ಶಾಸನ ಸಭೆಯಲ್ಲಿ ಡ್ಯಾಬ್ನಿ ಕಾರ್ ಎಂಬ ತರುಣ ಸದಸ್ಯ ಮಂಡಿಸಿದ ನಿರ್ಣಯದಂತೆ 11 ಜನರ ಸಮಿತಿ ರಚನೆಯಾಯಿತು. ಪ್ಯಾಟ್ರಿಕ್ ಹೆನ್ರಿ, ರಿಚರ್ಡ್ ಹೆನ್ರಿ ಲೀ, ಥಾಮಸ್ ಜೆಫರ್ಸನ್ ಅದರಲ್ಲಿದ್ದರು. ಉಳಿದ ವಸಾಹತುಗಳೂ ಇಂಥದೇ ಸಮಿತಿ ಮಾಡಿಕೊಳ್ಳಲಿ ಎಂದು ಕಾಗದ ಹೋಯಿತು. ಒಂದು ವರ್ಷದೊಳಗೆ ಬಹುತೇಕ ಎಲ್ಲ ವಸಾಹತುಗಳೂ ಹಾಗೆ ಮಾಡಿದವು. 1754ರಲ್ಲಿ ಕೈಗೂಡದ ಒಕ್ಕೂಟ ಈಗ ಅಂಚೆಯ ಚೀಲದಲ್ಲಿ ಬರತೊಡಗಿತು.

ಚಹಾದ ಹಡಗು, ಹೈದರಾಲಿಯ ಹೆಸರು

ಆ ಚಹಾ ಯಾರದ್ದೆಂದು ನಿಮಗೆ ಗೊತ್ತೆ? ನಮ್ಮ ದೇಶದ ಚರಿತ್ರೆಯಲ್ಲಿ ನೀವು ಓದುವ ಅದೇ ಈಸ್ಟ್ ಇಂಡಿಯಾ ಕಂಪನಿಯದು. ಚಹಾ ಬೆಳೆದದ್ದು ಚೀನಾದಲ್ಲಿ. ಕಂಪನಿಯ ಹಣಕಾಸು ಆಗ ಕೆಟ್ಟಿತ್ತು. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದರ ಬೇರು ನಮ್ಮ ನೆಲದಲ್ಲಿದೆ. ಮೊದಲನೆಯ ಮೈಸೂರು ಯುದ್ಧದಲ್ಲಿ ಹೈದರಾಲಿಯ ಮುನ್ನಡೆಯ ಸುದ್ದಿ 1769ರಲ್ಲಿ ಲಂಡನ್ ಮುಟ್ಟಿದಾಗ ಕಂಪನಿಯ ಷೇರಿನ ಬೆಲೆ ಕುಸಿದಿತ್ತು. 1772ರ ಹೊತ್ತಿಗೆ ಅದು ಸರಕಾರದ ಮುಂದೆ ಸಾಲಕ್ಕೆ ಕೈಯೊಡ್ಡಿತು. ಅದನ್ನು ಮೇಲೆತ್ತಲು 1773ರಲ್ಲಿ ಬಂದ ಚಹಾ ಕಾಯಿದೆ, ಕಂಪನಿ ನೇರವಾಗಿ ಅಮೆರಿಕದಲ್ಲಿ ಅಗ್ಗವಾಗಿ ಚಹಾ ಮಾರಲು ದಾರಿ ಮಾಡಿತು. ಹಳೆಯ ಸುಂಕ ಮಾತ್ರ ಉಳಿಯಿತು. ಅಗ್ಗದ ಚಹಾ ಕುಡಿದರೆ ಸುಂಕವನ್ನು ಒಪ್ಪಿದಂತೆ.

ಹಡಗುಗಳು ಬರುವ ಮೊದಲೇ ಬಂದರಿನಿಂದ ಬಂದರಿಗೆ ಕಾಗದಗಳು ಓಡಾಡಿದವು. ಬಾಸ್ಟನ್ ಸಮಿತಿ ನೆರೆಯ ನಾಲ್ಕು ಊರುಗಳ ಸಮಿತಿಗಳನ್ನು ಜೊತೆಗೆ ಕೂಡಿಸಿಕೊಂಡಿತು. 1773ರ ಡಿಸೆಂಬರ್ 16ರ ರಾತ್ರಿ ಸುಮಾರು 340 ಪೆಟ್ಟಿಗೆ ಚಹಾ ಸಮುದ್ರ ಸೇರಿತು. ಮರುದಿನವೇ ಬೆಳ್ಳಿಕೆಲಸದ ಪಾಲ್ ರೆವಿರ್ ಸಮಿತಿಯ ಕಾಗದ ಹಿಡಿದು ಕುದುರೆಯೇರಿ ನ್ಯೂಯಾರ್ಕಿಗೆ ಹೊರಟರು. ಡಿಸೆಂಬರ್ 27ಕ್ಕೆ ಮರಳಿದರು. ಬೇರೆ ಬಂದರುಗಳಲ್ಲೂ ಚಹಾ ಮಾರಾಟವಾಗಲಿಲ್ಲ. ಫಿಲಡೆಲ್ಫಿಯ, ನ್ಯೂಯಾರ್ಕ್‌ಗಳಿಂದ ಹಡಗುಗಳು ಹಿಂದಿರುಗಿದವು. ಚಾರ್ಲ್ಸ್‌ಟನ್ನಿನಲ್ಲಿ ಚಹಾ ನೆಲಮಾಳಿಗೆ ಸೇರಿತು.

ಸುದ್ದಿ ಎರಡೂ ದಿಕ್ಕಿಗೆ ಹರಿಯುತ್ತಿತ್ತು ಎಂಬುದಕ್ಕೆ ಒಂದು ಸ್ವಾರಸ್ಯದ ಸಾಕ್ಷಿಯಿದೆ. ಮುಂದೆ ಯುದ್ಧ ನಡೆಯುತ್ತಿದ್ದಾಗ ಪೆನ್ಸಿಲ್ವೇನಿಯ ತನ್ನ ಒಂದು ಯುದ್ಧನೌಕೆಗೆ ‘ಹೈದರ್ ಆಲಿ’ ಎಂದೇ ಹೆಸರಿಟ್ಟಿತ್ತು. 1782ರಲ್ಲಿ ಅದು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆ ಹಿಡಿಯಿತು. ತಮ್ಮ ಶತ್ರುವಿಗೆ ಇನ್ನೊಂದು ಖಂಡದಲ್ಲಿ ಎದುರು ನಿಂತವನ ಹೆಸರು ಫಿಲಡೆಲ್ಫಿಯದ ಜನಕ್ಕೆ ತಿಳಿದಿತ್ತು.

ಬೇರೆಯೇ ಉತ್ತರ ಬಂದಾಗ

ಲಂಡನ್ ಕೆರಳಿತು. 1774ರ ಜೂನ್ 1ರಿಂದ ಬಾಸ್ಟನ್ ಬಂದರನ್ನು ಮುಚ್ಚುವ ಕಾಯಿದೆ ಬಂತು. ಇನ್ನೊಂದು ಕಾಯಿದೆ, ಗವರ್ನರನ ಒಪ್ಪಿಗೆಯಿಲ್ಲದೆ ಊರ ಸಭೆಗಳನ್ನು ಸೇರಿಸಬಾರದೆಂದು ಕಟ್ಟು ಹಾಕಿತು. ಮರದ ಬೇರು ಎಲ್ಲಿದೆಯೆಂದು ಅವರಿಗೂ ತಿಳಿದಿತ್ತು.

ಬಂದರು ಕಾಯಿದೆಯ ಸುದ್ದಿ ಬಾಸ್ಟನ್ ತಲುಪಿದ್ದು ಮೇ 10ರಂದು. 12ರಂದು ಸಮಿತಿ ನೆರೆಯ ಎಂಟು ಊರುಗಳ ಸಮಿತಿಗಳೊಂದಿಗೆ ಫ್ಯಾನ್ಯುಯೆಲ್ ಹಾಲ್‌ನಲ್ಲಿ ಸೇರಿತು. 14ರಂದು ರೆವಿರ್ ಮತ್ತೆ ದಕ್ಷಿಣಕ್ಕೆ ಹೊರಟರು. ಬ್ರಿಟನ್ನಿನೊಂದಿಗೆ ವ್ಯಾಪಾರವನ್ನು ಎಲ್ಲ ವಸಾಹತುಗಳೂ ಕೂಡಲೆ ನಿಲ್ಲಿಸಬೇಕು ಎಂಬುದು ಬಾಸ್ಟನ್ನಿನ ಬೇಡಿಕೆ.

ಬಂದ ಉತ್ತರ ಅದಲ್ಲ. ಅನುಕಂಪ ತುಂಬಿತ್ತು, ಆದರೆ ವ್ಯಾಪಾರ ನಿಲ್ಲಿಸುವ ಮೊದಲು ಎಲ್ಲರೂ ಒಂದು ಕಡೆ ಸೇರಿ ಮಾತಾಡೋಣ ಎಂಬುದು ಹಲವರ ಅಭಿಪ್ರಾಯ. ಮೇ 17ರಂದು ಪ್ರಾವಿಡೆನ್ಸ್ ಊರು ಹಾಗೆಂದಿತು. ಫಿಲಡೆಲ್ಫಿಯದ ಉತ್ತರವೂ ಅದೇ. ಮೇ 23ರಂದು ನ್ಯೂಯಾರ್ಕಿನ ಸಮಿತಿ ಅದನ್ನೇ ಬರೆಯಿತು. ವರ್ಜೀನಿಯದ ಶಾಸನ ಸಭೆ ಬಾಸ್ಟನ್ನಿಗಾಗಿ ಉಪವಾಸದ ದಿನ ಗೊತ್ತುಮಾಡಿದ್ದಕ್ಕೆ ಗವರ್ನರ್ ಅದನ್ನು ವಿಸರ್ಜಿಸಿದ. ಸದಸ್ಯರು ಮರುದಿನ, ಮೇ 27ರಂದು, ರ್‍ಯಾಲಿ ಎಂಬ ಹೋಟೆಲಿನಲ್ಲಿ ಸೇರಿ ಎಲ್ಲ ವಸಾಹತುಗಳ ಮಹಾಸಭೆ ಆಗಬೇಕೆಂದು ಸೂಚಿಸಿದರು. ಹತ್ತು ದಿನಗಳ ಅಂತರದಲ್ಲಿ, ದೂರದೂರದ ಊರುಗಳಲ್ಲಿ, ಅದೇ ಮಾತು!

ಬಾಸ್ಟನ್ನಿಗೆ ಇದು ಕಹಿಯಾದ ಉತ್ತರ. ಬಂದರು ಮುಚ್ಚಿ ಹಸಿದ ಊರು ಅದು. ಕಾಯುವುದಕ್ಕೆ ಅದಕ್ಕೆ ಪುರುಸೊತ್ತಿರಲಿಲ್ಲ. ಆದರೂ ಒಪ್ಪಿತು. ಉತ್ತರ ಕೇಳಿದ ಮೇಲೆ ಬಂದ ಉತ್ತರಕ್ಕೆ ತಲೆಬಾಗಬೇಕಾಗುತ್ತದೆ. ಜೂನ್ 17ರಂದು ಸೇಲಂ ಊರಿನಲ್ಲಿ ಮ್ಯಾಸಚೂಸೆಟ್ಸ್ ಶಾಸನ ಸಭೆ ಬಾಗಿಲಿಗೆ ಬೀಗ ಹಾಕಿಕೊಂಡು ಮಹಾಸಭೆಗೆ ಪ್ರತಿನಿಧಿಗಳನ್ನು ಆರಿಸಿತು. ಸಭೆಯನ್ನು ವಿಸರ್ಜಿಸುವ ಆಜ್ಞೆಯನ್ನು ತಂದ ಗವರ್ನರನ ಕಾರ್ಯದರ್ಶಿ ಅದನ್ನು ಹೊರಗಿನ ಮೆಟ್ಟಿಲ ಮೇಲೆ ನಿಂತು ಓದಬೇಕಾಯಿತು! ಸೆಪ್ಟೆಂಬರ್ 5ರಂದು ಫಿಲಡೆಲ್ಫಿಯದಲ್ಲಿ 12 ವಸಾಹತುಗಳ ಪ್ರತಿನಿಧಿಗಳ ಮೊದಲ ಮಹಾಸಭೆ ಸೇರಿತು. ಜಾರ್ಜಿಯ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಬಾಸ್ಟನ್ನಿಗೆ ಕಾಗದಗಳ ಜೊತೆಗೆ ಆಹಾರವೂ ಬರತೊಡಗಿತ್ತು. ದಕ್ಷಿಣ ಕ್ಯಾರೊಲಿನದಿಂದ ಅಕ್ಕಿ ಬಂತು. ಕನೆಕ್ಟಿಕಟ್‌ನಿಂದ ಕುರಿಗಳ ಹಿಂಡು ಬಂತು. ಸೆಪ್ಟೆಂಬರ್ 6ರಂದು ವುಸ್ಟರ್ ಎಂಬಲ್ಲಿ ಇನ್ನೊಂದು ಘಟನೆ ನಡೆಯಿತು. ಸುತ್ತಲಿನ ಸಮಿತಿಗಳ ಕರೆಯಂತೆ 37 ಊರುಗಳ ಸುಮಾರು 4,600 ಜನ ನ್ಯಾಯಾಲಯದ ಎದುರು ಬೀದಿಯ ಎರಡೂ ಬದಿ ನಿಂತರು. ದೊರೆ ನೇಮಿಸಿದ ನ್ಯಾಯಾಧೀಶರು ಟೋಪಿ ಕೈಯಲ್ಲಿ ಹಿಡಿದು, ಹೊಸ ಕಾಯಿದೆಯಂತೆ ನ್ಯಾಯಾಲಯ ನಡೆಸುವುದಿಲ್ಲ ಎಂದು ಹೇಳುತ್ತ ಅವರ ನಡುವೆ ನಡೆದುಹೋದರು. ಒಂದು ಗುಂಡೂ ಹಾರಲಿಲ್ಲ. ಎರಡು ವರ್ಷದ ಹಿಂದೆ ಇದೆಲ್ಲ ಶುರುವಾದದ್ದು ನ್ಯಾಯಾಧೀಶರ ಸಂಬಳದಿಂದ ಎಂಬುದು ನಿಮಗೆ ನೆನಪಿರಲಿ.

ಅಂಚೆ ಯಾರ ಕೈಯಲ್ಲಿ?

ಪತ್ರ ವ್ಯವಹಾರಕ್ಕೆ ಒಂದು ದೊಡ್ಡ ತೊಡಕಿತ್ತು. ಅಂಚೆ ದೊರೆಯದು. ಕಾಗದ ಒಡೆದು ಓದುವ ಭಯವಿತ್ತು. ಅದಕ್ಕಾಗಿಯೇ ಮುಖ್ಯವಾದ ಕಾಗದಗಳು ರೆವಿರ್‌ರಂಥ ನಂಬಿಕೆಯ ಸವಾರರ ಕೈಯಲ್ಲಿ ಹೋಗುತ್ತಿದ್ದವು. 1753ರಿಂದ ವಸಾಹತುಗಳ ಅಂಚೆ ಇಲಾಖೆಯ ಉಪಮುಖ್ಯಸ್ಥರಲ್ಲೊಬ್ಬರಾಗಿದ್ದ ಫ್ರಾಂಕ್ಲಿನ್‌ರನ್ನು 1774ರ ಜನವರಿಯಲ್ಲಿ ಕೆಲಸದಿಂದ ತೆಗೆಯಲಾಯಿತು. ಕಾರಣ ಮತ್ತೆ ಕಾಗದಗಳೇ. ಹಚಿನ್ಸನ್ ಹಿಂದೆ ಇಂಗ್ಲೆಂಡಿಗೆ ಬರೆದಿದ್ದ ಖಾಸಗಿ ಪತ್ರಗಳು ಫ್ರಾಂಕ್ಲಿನ್‌ರ ಮೂಲಕ ಬಾಸ್ಟನ್ ಸೇರಿ, 1773ರಲ್ಲಿ ಅಚ್ಚಾಗಿ, ದೊಡ್ಡ ಗದ್ದಲವೆಬ್ಬಿಸಿದ್ದವು. 1774ರಲ್ಲಿ ವಿಲಿಯಂ ಗಾಡರ್ಡ್ ಎಂಬ ಮುದ್ರಕ ಸಮಿತಿಗಳ ಬೆಂಬಲ ಪಡೆದು ದೊರೆಯ ಅಂಚೆಗೆ ಪ್ರತಿಯಾಗಿ ಜನರದೇ ಒಂದು ಅಂಚೆ ಕಟ್ಟಲು ಹೊರಟ. 1775ರ ಜುಲೈ 26ರಂದು ಮಹಾಸಭೆ ತನ್ನದೇ ಅಂಚೆ ವ್ಯವಸ್ಥೆಯನ್ನು ಸ್ಥಾಪಿಸಿ ಫ್ರಾಂಕ್ಲಿನ್‌ರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. ಸ್ವಾತಂತ್ರ್ಯ ಘೋಷಣೆಗೆ ಒಂದು ವರ್ಷ ಮೊದಲೇ ಅಂಚೆ ಸ್ವತಂತ್ರವಾಯಿತು.

ಜಾಲ ಎಷ್ಟು ಚುರುಕಾಗಿತ್ತೆಂದು ನೋಡಬೇಕಾದರೆ 1775ರ ಏಪ್ರಿಲ್ 19ರ ಬೆಳಿಗ್ಗೆಗೆ ಬನ್ನಿ. ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. ಸುಮಾರು ಹತ್ತು ಗಂಟೆಗೆ ಹತ್ತಿರದ ವಾಟರ್‌ಟೌನ್‌ನಲ್ಲಿ ಒಂದು ಚಿಕ್ಕ ಕಾಗದ ಬರೆದು ಸವಾರನ ಕೈಗೆ ಕೊಟ್ಟರು. ಒಂದೊಂದು ಊರಿನಲ್ಲೂ ಸಮಿತಿಯವರು ಅದನ್ನು ನಕಲು ಮಾಡಿ, ನಿಜಪ್ರತಿ ಎಂದು ದೃಢೀಕರಿಸಿ, ಬಂದ ಹೊತ್ತನ್ನು ಗುರುತಿಸಿ ಮುಂದಕ್ಕೆ ಕಳುಹಿಸಿದರು. 23ರಂದು ನ್ಯೂಯಾರ್ಕ್, 24ರಂದು ಫಿಲಡೆಲ್ಫಿಯ ಮುಟ್ಟಿತು. ಎರಡೂವರೆ ವರ್ಷ ಕಾಗದ ಬರೆದು ಬೆಳೆಸಿದ ಅಭ್ಯಾಸ ಆ ಐದು ದಿನಗಳಲ್ಲಿ ಫಲಕೊಟ್ಟಿತು.

ಕಾಗದದ ಇನ್ನೊಂದು ಮಗ್ಗುಲು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಬಾಸ್ಟನ್ ಸಮಿತಿಯಲ್ಲಿ ಕುಳಿತು ಊರುಗಳಿಗೆ ಕಾಗದ ಬರೆದ ಬೆಂಜಮಿನ್ ಚರ್ಚ್ ಬ್ರಿಟಿಷರಿಗೆ ಸುದ್ದಿ ಕೊಡುತ್ತಿದ್ದನೆಂಬುದು 1775ರಲ್ಲಿ ಬಯಲಾಯಿತು. ಗುಪ್ತಲಿಪಿಯಲ್ಲಿ ಅವನು ಬರೆದ ಒಂದು ಪತ್ರ ಸಿಕ್ಕಿಬಿದ್ದು, ಅದನ್ನು ಬಿಡಿಸಿ ಓದಿದರು. ಪತ್ರದಿಂದ ಮೇಲೆ ಬಂದವನು ಪತ್ರದಿಂದಲೇ ಸೆರೆಮನೆ ಸೇರಿದ.

ಸಮಿತಿಗಳ ಕೈಯೂ ಯಾವಾಗಲೂ ಮೃದುವಾಗಿರಲಿಲ್ಲ. 1774ರ ಅಕ್ಟೋಬರಿನಲ್ಲಿ ಮಹಾಸಭೆ ವ್ಯಾಪಾರ ಬಹಿಷ್ಕಾರವನ್ನು ತೀರ್ಮಾನಿಸಿದಾಗ, ಊರೂರಿನಲ್ಲೂ ಸಮಿತಿ ರಚಿಸಿ, ಬಹಿಷ್ಕಾರ ಮುರಿದವರ ಹೆಸರನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಹೇಳಿತು. ದೊರೆಯ ಪಕ್ಷದವರು ಹಲವು ಕಡೆ ಅವಮಾನವನ್ನೂ ಹಿಂಸೆಯನ್ನೂ ಅನುಭವಿಸಿದರು. ಹೊಸ ಸಂಘಟನೆ ಹಳೆಯ ಸರಕಾರದಂತೆಯೇ ಜನರ ಮೇಲೆ ಕಣ್ಣಿಡತೊಡಗಿತು.

ಕಾಗದದ ಆಚೆ ಉಳಿದವರು ಯಾರು? ಹೆಂಗಸರಿಗೆ ಸಮಿತಿಗಳಲ್ಲಿ ಸ್ಥಾನವಿರಲಿಲ್ಲ. ಆದರೂ 1774ರ ಅಕ್ಟೋಬರಿನಲ್ಲಿ ಉತ್ತರ ಕ್ಯಾರೊಲಿನದ ಈಡನ್‌ಟನ್ನಿನಲ್ಲಿ 51 ಮಹಿಳೆಯರು ಬಹಿಷ್ಕಾರಕ್ಕೆ ಬೆಂಬಲವಾಗಿ ರುಜು ಹಾಕಿದರು. ಜೇಮ್ಸ್ ವಾರೆನ್‌ರ ಪತ್ನಿ ಮರ್ಸಿ ಓಟಿಸ್ ವಾರೆನ್ 1805ರಲ್ಲಿ ಈ ಕ್ರಾಂತಿಯ ಚರಿತ್ರೆಯನ್ನೇ ಬರೆದರು. ವಸಾಹತುಗಳನ್ನು ಒಗ್ಗೂಡಿಸುವುದರಲ್ಲಿ ಈ ಸಮಿತಿಗಳ ಪಾತ್ರಕ್ಕೆ ಅವರು ಬಹು ದೊಡ್ಡ ಸ್ಥಾನ ಕೊಟ್ಟಿದ್ದಾರೆ.

ಇನ್ನೊಂದು ಕಾಗದವನ್ನು ನೀವು ವಿಶೇಷವಾಗಿ ನೆನಪಿಟ್ಟುಕೊಳ್ಳಬೇಕು. 1773ರ ಏಪ್ರಿಲ್ 20ರ ತಾರೀಖಿನ ಒಂದು ಅಚ್ಚಾದ ಓಲೆ ಅದು. ಮ್ಯಾಸಚೂಸೆಟ್ಸಿನ ಊರುಗಳ ಪ್ರತಿನಿಧಿಗಳಿಗೆ ಬರೆದದ್ದು. ಕೆಳಗೆ ನಾಲ್ಕು ರುಜುಗಳು: ಪೀಟರ್ ಬೆಸ್ಟೆಸ್, ಸ್ಯಾಂಬೊ ಫ್ರೀಮನ್, ಫೀಲಿಕ್ಸ್ ಹೊಲ್‌ಬ್ರೂಕ್, ಚೆಸ್ಟರ್ ಜಾಯ್. ಬರೆದವರು ಗುಲಾಮರು; ತಮ್ಮ ಜೊತೆಯ ಗುಲಾಮರ ಸಮಿತಿಯ ಪರವಾಗಿ ಬರೆದಿದ್ದರು. ನಿಮ್ಮನ್ನು ದಾಸ್ಯಕ್ಕೆ ತಳ್ಳುವವರ ವಿರುದ್ಧ ನೀವು ನಿಂತಿದ್ದೀರಿ. ಹಾಗಾದರೆ ನಿಮ್ಮಿಂದ ನಾವು ಬಹಳ ನಿರೀಕ್ಷಿಸಬಹುದು ಎಂಬುದು ಅದರ ಭಾವ. ಬಾಸ್ಟನ್ ಕಾಗದ ಊರೂರು ಸುತ್ತುತ್ತಿದ್ದ ಅದೇ ತಿಂಗಳುಗಳಲ್ಲಿ, ಅದೇ ಬಗೆಯ ಸಮಿತಿ, ಅದೇ ಬಗೆಯ ಅಚ್ಚಾದ ಕಾಗದ, ಅದೇ ತರ್ಕ. ಈ ಕಾಗದಕ್ಕೆ ಮಾತ್ರ ಶಾಸನ ಸಭೆ ಬಿಡುಗಡೆಯ ಉತ್ತರ ಕೊಡಲಿಲ್ಲ. ಮ್ಯಾಸಚೂಸೆಟ್ಸಿನಲ್ಲಿ ಗುಲಾಮಗಿರಿಯ ಬುಡ ಕಡಿದದ್ದು 1783ರ ಹೊತ್ತಿನ ನ್ಯಾಯಾಲಯದ ತೀರ್ಪುಗಳು. ಇಡೀ ದೇಶದಲ್ಲಿ ಅದು ಕೊನೆಗೊಳ್ಳಲು 1865ರವರೆಗೆ ಕಾಯಬೇಕಾಯಿತು.

ನಾವು ತಿಳಿಯುವುದೇನು?

ಈಗ ಸುದ್ದಿ ಕಣ್ಣು ಮಿಟುಕಿಸುವಷ್ಟರಲ್ಲಿ ಲೋಕ ಸುತ್ತುತ್ತದೆ. 260 ಊರುಗಳಿಗಲ್ಲ, ಕೋಟಿ ಜನಕ್ಕೆ ಒಂದೇ ಕ್ಷಣದಲ್ಲಿ ಮಾತು ಮುಟ್ಟಿಸಬಹುದು. ಆದ್ದರಿಂದ ಆ ಕಾಲದ ಕುದುರೆ ಸವಾರರ ವೇಗ ಕಂಡು ನಾವು ಬೆರಗಾಗಬೇಕಿಲ್ಲ. ಅವರ ಬಲ ವೇಗದಲ್ಲಿರಲಿಲ್ಲ. ಬಾಸ್ಟನ್ನಿನ ಕಾಗದ ಹಳ್ಳಿಗೆ ಹೋಗಿ, ಅಲ್ಲಿ ಸಭೆಯಾಗಿ, ಉತ್ತರ ಹೊರಡುವುದಕ್ಕೆ ಎಷ್ಟೋ ವಾರಗಳು ಹಿಡಿಯುತ್ತಿದ್ದವು. ಆ ವಾರಗಳಲ್ಲೇ ನಿಜವಾದ ಕೆಲಸ ನಡೆಯುತ್ತಿತ್ತು. ಕೇಳಿಸಿಕೊಂಡವನು ಮರೆಯಬಹುದು, ಕುಳಿತು, ಯೋಚಿಸಿ, ಹತ್ತು ಜನರೆದುರು ವಾದಿಸಿ, ರುಜು ಹಾಕಿದವನು ಅಷ್ಟು ಸುಲಭವಾಗಿ ಹಿಂದೆ ಸರಿಯುವುದಿಲ್ಲ.

ಆದ್ದರಿಂದ ಚರಿತ್ರೆಯ ಪಾಠದಲ್ಲಿ ಯಾವುದೇ ಚಳವಳಿಯ ಬಗ್ಗೆ ಓದುವಾಗ, ನಾಯಕರು ಏನು ಹೇಳಿದರು ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಅವರು ಯಾರಿಂದ ಉತ್ತರ ಕೇಳಿದರು? ಯಾರ ಕಾಗದಕ್ಕೆ ಉತ್ತರ ಕೊಡದೆ ಹೋದರು? ಆ ಚಳವಳಿಯ ಶಕ್ತಿಯ ಅಳತೆ ಮೊದಲನೆಯದರಲ್ಲಿ ಸಿಗುತ್ತದೆ. ಅದರ ಬಾಕಿಯ ಲೆಕ್ಕ ಎರಡನೆಯದರಲ್ಲಿ.